ನೀಲಿ ದಾರದ ಸೂಜಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಇದನ್ನು ಓದುತ್ತಿದ್ದರೆ ಮೊದಲೇ ಒಂದು ಮಾತು. ನಾನು ಹೇಳುವುದನ್ನೆಲ್ಲ ಹಾಗೇ ನಂಬಬೇಡಿ. ನಾನೂ ಯಾರನ್ನೂ ಹಾಗೆ ನಂಬಿದವನಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮಪ್ಪ ದನದ ಸಂತೆಗೆ ಹೊರಡುವಾಗ ಹೇಳುತ್ತಿದ್ದರು. ನಾನು ಆ ಗಾದೆಯನ್ನು ಆಸ್ಪತ್ರೆಯ ಲ್ಯಾಬಿಗೆ ತಂದೆ. ದೊಡ್ಡಗಾಜನೂರಿನಲ್ಲಿ ಒಂದಿಷ್ಟು ಅರಿಶಿನದ ಹೊಲವಿದ್ದ ಮನೆಯವನು ನಾನು. ಸರ್ಕಾರಿ ಲ್ಯಾಬ್ ಟೆಕ್ನೀಷಿಯನ್ ಆಗಿ ತಮಿಳು ಗಡಿಯೊಳಗಿನ ಕನ್ನಡದ ತಾಳವಾಡಿ ಬೆಟ್ಟದಲ್ಲೇ ಕೂದಲು ಬೆಳ್ಳಗಾಯಿತು. ಜನ ನನ್ನನ್ನು ರಕ್ತದ ನಂಜಪ್ಪ ಅನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರು ಎಂಬುದೂ ನನಗೆ ಗೊತ್ತು, ಅದನ್ನು ಮುಂದೆ ಹೇಳುತ್ತೇನೆ.

ಕೊನೆಯ ಕೆಲವು ವರ್ಷ ನನಗೆ ಬೇರೊಂದು ಕೆಲಸ ಕೊಟ್ಟರು. ನೋವಿನ ಮಾತ್ರೆಯನ್ನು ಅಮಲಿಗಾಗಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವವರಿದ್ದಾರೆ. ಒಬ್ಬ ಬಳಸಿದ ಸೂಜಿಯನ್ನು ಇನ್ನೊಬ್ಬ ಬಳಸಿದರೆ ಎಚ್‌ಐವಿ ದಾಟುತ್ತದೆ, ಈಲಿಯನ್ನು, ಅಂದರೆ ಲಿವರನ್ನು, ಸದ್ದಿಲ್ಲದೆ ತಿನ್ನುವ ಹೆಪಟೈಟಿಸ್ ಸಿ ಇನ್ನೂ ಸುಲಭವಾಗಿ ದಾಟುತ್ತದೆ. ಅವರಿಗೆ ಹೊಸ ಸೂಜಿ ಕೊಡುವುದು, ಬಳಸಿದ್ದನ್ನು ವಾಪಸು ತರುವುದು, ಆಗಾಗ ರಕ್ತ ನೋಡುವುದು ನನ್ನ ಪಾಲಿಗೆ ಬಂತು. “ಚುಚ್ಚಿಕೊಳ್ಳೋರಿಗೆ ಸರ್ಕಾರವೇ ಸೂಜಿ ಕೊಡುವುದಾ?” ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕುಡಿತ ಬಿಡಿಸುವುದಕ್ಕೆ ಲೋಟ ತೊಳೆದುಕೊಟ್ಟ ಹಾಗಿದೆ ಎಂದು ನಮ್ಮ ಆಸ್ಪತ್ರೆಯ ಡಾಕ್ಟರಮ್ಮನ ಮುಂದೆಯೇ ನಕ್ಕಿದ್ದೆ. ಅವರು ಬಯಲಿನ ಕಡೆಯ ತಮಿಳರು, ನಮ್ಮ ಕನ್ನಡವನ್ನು ತಮ್ಮದೇ ರೀತಿಯಲ್ಲಿ ಕಲಿತಿದ್ದರು. “ಚಟ ಬಿಡೋ ತನಕ ಮನುಷ್ಯ ಉಳೀಬೇಕು ತಾನೇ, ನಂಜಪ್ಪ?” ಎಂದರು. ಮಾತು ಸರಿಯಾಗಿತ್ತು. ಮಾತು ತೀರಾ ಸರಿಯಾಗಿದ್ದಾಗ ನನಗೆ ಅನುಮಾನ ಹೆಚ್ಚುತ್ತದೆ.

ಅನುಮಾನ ನನಗೆ ಅನ್ನ ಕೊಟ್ಟಿದೆ, ಅದನ್ನೂ ಹೇಳಬೇಕು. ಲ್ಯಾಬಿನಲ್ಲಿ ಒಮ್ಮೆ ಸಕ್ಕರೆ ಕಾಯಿಲೆಯವನೊಬ್ಬ ತನ್ನ ಮೂತ್ರದ ಬದಲು ಹೆಂಡತಿಯದನ್ನು ತಂದುಕೊಟ್ಟು, ಸಕ್ಕರೆ ಇಳಿದಿದೆ ಎಂದು ಬೀಗುತ್ತಿದ್ದ. ಮನೆಯಿಂದಲೇ ತುಂಬಿ ತಂದೆ ಎಂದವನ ಸೀಸೆ ಬೆಟ್ಟ ಹತ್ತಿ ಬಂದ ಮೇಲೂ ಬೆಚ್ಚಗಿದ್ದದ್ದು ನೋಡಿ ಕೇಳಿದೆ. ಹೆಂಡತಿ ಹೊರಗೆ ಹುಣಿಸೆಮರದ ಕೆಳಗೆ ಕೂತಿದ್ದಳು. ಆಮೇಲೆ ಹೆಸರು ಬರೆದ ಸೀಸೆಯನ್ನು ಕೈಗೆ ಕೊಟ್ಟು ಕಕ್ಕಸಿನ ಬಾಗಿಲ ಹೊರಗೆ ನಾನೇ ನಿಲ್ಲುವ ಪದ್ಧತಿ ಮಾಡಿದೆ. ಊರವರಿಗೆ ಇದು ನಾಚಿಕೆಗೇಡು ಅನ್ನಿಸಿತು.

ಸೇರಿದ ಹೊಸತರಲ್ಲಿ ನಾನು ತಿಂದ ಬೈಗುಳವೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ಗಾಜಿನ ಸಿರಿಂಜು. ಬೆಳಿಗ್ಗೆ ಸ್ಟೌ ಹಚ್ಚಿ, ಸೂಜಿ ಸಿರಿಂಜುಗಳನ್ನು ನೀರಿನಲ್ಲಿ ಕುದಿಸಿ, ಇಕ್ಕಳದಲ್ಲಿ ಎತ್ತಿಡಬೇಕು. ನಾನು ಶ್ರದ್ಧೆಯಿಂದ ಕುದಿಸುತ್ತಿದ್ದೆ. ಆದರೆ ಒಬ್ಬರಾದ ಮೇಲೆ ಒಬ್ಬರಿಗೆ ಬಳಸಿದ ಸಿರಿಂಜನ್ನೆಲ್ಲ ಒಂದೇ ಬಟ್ಟಲಿನ ನೀರಿನಲ್ಲಿ ಜಾಲಾಡಿ, ಅದೇ ಬಟ್ಟಲಿನಿಂದ ಕುದಿಸಿದ ಸೂಜಿಯನ್ನೂ ಒದ್ದೆ ಮಾಡುತ್ತಿದ್ದೆ. ಹಿರಿಯ ನರ್ಸಮ್ಮ ನೋಡಿದರು. “ಸೂಜಿ ಒಂದ ಕಾಯ್ಸಿ ಬಟ್ಲ ಬುಟ್ಬುಟ್ರ ಏನ್ಲಾ ಬಂತು? ರಕ್ತ ಸೂಜಿ ಮ್ಯಾಲ ಮಾತ್ರ ಕುಂತದಾ?” ಎಂದು ಬಟ್ಟಲನ್ನು ಅಂಗಳಕ್ಕೆ ಚೆಲ್ಲಿದರು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಹೊಸ ಕೆಲಸದ ಮೊದಲ ದಿನವೇ ಎಡವಟ್ಟು ಮಾಡಿದೆ. ತಾಳವಾಡಿಯ ತರಕಾರಿ ಮಂಡಿಯಲ್ಲಿ ಲಾರಿಗೆ ಕೋಸು, ಆಲೂಗಡ್ಡೆ ಮೂಟೆ ಹೊರುವ ಲೋಡ್‌ಮೆನ್ನುಗಳಿದ್ದಾರೆ. ಬೆನ್ನು ನೋವಿಗೆಂದು ಮಾತ್ರೆ ನುಂಗಲು ಶುರುಮಾಡಿ, ಸಾಲದೆ ಚುಚ್ಚಿಕೊಳ್ಳುವ ಮಟ್ಟಕ್ಕೆ ಹೋದವರು ಅವರಲ್ಲಿ ಕೆಲವರಿದ್ದರು. ನಾನು ಮಣ್ಣುಬಣ್ಣದ ಪ್ಯಾಂಟು ತೊಟ್ಟು, ಕಪ್ಪು ಚೀಲ ಹೆಗಲಿಗೇರಿಸಿ, ಕೈಯಲ್ಲಿ ನೋಟುಪುಸ್ತಕ ಹಿಡಿದು ಮಂಡಿಗೆ ಹೋದೆ. ಹೆಸರು, ತಂದೆಯ ಹೆಸರು, ಊರು ಎಂದು ಗೆರೆ ಎಳೆದಿಟ್ಟಿದ್ದೆ. ಪೊಲೀಸರಿಗೆ ಹೆಸರು ಕೊಡಲು ಬಂದೆನೆಂದುಕೊಂಡು ಎರಡು ನಿಮಿಷದಲ್ಲಿ ಮಂಡಿ ಖಾಲಿ. ಅರ್ಧ ತುಂಬಿದ ಲಾರಿಯ ಮುಂದೆ ಡ್ರೈವರ್ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

ಓಡದೆ ನಿಂತವನು ಒಬ್ಬನೇ. ಐವತ್ತರ ಹತ್ತಿರದ, ಮೂಟೆ ಹೊತ್ತು ಕುತ್ತಿಗೆ ಒಂದು ಪಕ್ಕಕ್ಕೆ ವಾಲಿದ ಕೆಂಚ. ಗುಮಟಾಪುರದವನು. ಅವರೂರಿನ ಸಗಣಿ ಹಬ್ಬದಲ್ಲಿ ಚಾಡಿ ಹೇಳುವವನ ವೇಷ ಹಾಕಿದವನಿಗೆ ಹುಲ್ಲಿನ ಮೀಸೆ ಕಟ್ಟಿ ಕತ್ತೆಯ ಮೇಲೆ ಮೆರವಣಿಗೆ ಮಾಡುತ್ತಾರೆ. ಕೆಂಚ ನನ್ನ ಮೀಸೆ ನೋಡಿದ, ಪುಸ್ತಕ ನೋಡಿದ.

“ನಂಜಪ್ಪಣ್ಣ, ನಮ್ಮೂರ ಚಾಡಿಕೋರಂಗ ಉಲ್ಲಿನ ಮೀಸ ಕಟ್ಬೇಕು. ನಿಮ್ಗ ಮೀಸ ಅದ. ಕತ್ತ ಒಂದು ತಂದ್ರ ಸಾಕು ಕಣ,” ಎಂದ.

ಅಂದಿನಿಂದ ಬೆನ್ನ ಹಿಂದೆ ನಾನು ಚಾಡಿಕೋರ. ಹೆಸರಿನ ಪುಟ ಹರಿದು ಅವನ ಬೀಡಿಗೆ ಬೆಂಕಿ ಹಚ್ಚಲು ಕೊಟ್ಟೆ. ಆಮೇಲೂ ಮೂರು ವಾರ ಯಾರೂ ಸೂಜಿ ತೆಗೆದುಕೊಳ್ಳದೆ ವಾಪಸು ಬಂದೆ. ನಾಲ್ಕನೆಯ ವಾರ ಕೆಂಚ, “ನಮ್ಮ ಸೆಟ್ಟು ನಾಕು ಜನ ಅವೀವಿ, ನಾಕು ಜನಕೂ ಕೊಡಿ” ಎಂದು ಕೈ ಚಾಚಿದ. ಸೆಟ್ಟು ಎಂದರೆ ಒಟ್ಟಿಗೆ ಲಾರಿ ಹಿಡಿದು ಒಟ್ಟಿಗೆ ಮೂಟೆ ಹೊರುವವರು. ಹಿರಿಯ ಕೆಂಚ, ಮಾತುಗಾರ ಮಾದೇವ, ತಾಳಮಲೆ ಕಡೆಯ ಇಬ್ಬರು ಅಣ್ಣತಮ್ಮಂದಿರು. ನಾಲ್ವರ ರಕ್ತವನ್ನೂ ತೆಗೆದೆ. ನಾಲ್ಕೂ ಶುದ್ಧವಾಗಿದ್ದವು. ಮಾದೇವನ ಹೆಂಡತಿ ಆಗ ಬಸುರಿ. “ಇದು ಇಂಗೇ ಇರಬೇಕು ಅಂದ್ರ ಏನ್ ಮಾಡ್ಬೇಕು ಸಾ?” ಎಂದು ಅವನೇ ಕೇಳಿದ. “ಸೂಜಿ ಹಂಚಿಕೊಳ್ಳಬೇಡಿ,” ಎಂದೆ. “ಸೂಜಿ, ಸೂಜಿ, ಸೂಜಿ. ಅದೊಂದೇ ನೆನಪಿಟ್ಟುಕೊಳ್ಳಿ.” ಆ ನಾಲ್ಕು ರಕ್ತ ಹಾಗೇ ಉಳಿಯಬೇಕು ಎಂಬುದು ಅಂದಿನಿಂದ ನನ್ನ ಹಟವಾಯಿತು. ಬೇರೆಯವರೂ ಇದ್ದರು, ಆದರೆ ಬೆಳಿಗ್ಗೆ ಎದ್ದರೆ ನೆನಪಾಗುತ್ತಿದ್ದವರು ಈ ನಾಲ್ವರೇ.

ಆ ದಿನ ಮಾದೇವ ಹಲಸಿನ ಹಣ್ಣಿನ ಹೋಳೊಂದನ್ನು ತಂದಿದ್ದ. ಕೆಂಚ ಅದನ್ನು ನನ್ನನ್ನೂ ಸೇರಿಸಿ ಐದು ಗುಡ್ಡೆ ಮಾಡಿದ. ಎಲ್ಲರೂ ಒಂದೊಂದು ತೆಗೆದುಕೊಂಡ ಮೇಲೆ ಉಳಿದದ್ದು ಅವನಿಗೆ. ನಮ್ಮ ಕಡೆ ಬಾಡಿನ ಗುಡ್ಡೆ ಹಾಕಿ ಮಾಂಸ ಹಂಚುವಾಗಲೂ ಇದೇ ಕಟ್ಟಳೆ: ಪಾಲು ಮಾಡಿದವನು ಕೊನೆಗೆ ತೆಗೆದುಕೊಳ್ಳಬೇಕು. ಆಗಲೇ ಪಾಲಿನಲ್ಲಿ ಮೋಸವಿರುವುದಿಲ್ಲ. ಕಣ್ಣಾರೆ ನೋಡಿದೆ, ಹಲಸಿನ ತೊಳೆ ತಿಂದೆ, ಕೈ ಒರೆಸಿಕೊಂಡು ಬಂದೆ.

ಈ ನಡುವೆ ನನ್ನ ಅನುಮಾನಕ್ಕೆ ಕೊಂಬು ಬರುವಂಥ ಒಂದು ಘಟನೆ ನಡೆಯಿತು. ಟೆಂಪೋ ಓಡಿಸುವವನೊಬ್ಬ ವಾರವಾರವೂ ಬಳಸಿದ ಸೂಜಿಗಳನ್ನು ತಪ್ಪದೆ ವಾಪಸು ಕೊಡುತ್ತಿದ್ದ. ಅಷ್ಟು ಚೊಕ್ಕವಾಗಿ ಕೊಡುವವನ ಮೇಲೆ ನನಗೆ ಗುಮಾನಿ. ಬೆಳಕಿಗೆ ಹಿಡಿದು ನೋಡಿದರೆ ಸಿರಿಂಜಿನೊಳಗೆ ಒಂದು ಹನಿ ಕಲೆ ಇಲ್ಲ. ಮುಚ್ಚಳ ಕಿತ್ತು ಹಾಗೇ ವಾಪಸು ಕೊಡುತ್ತಿದ್ದ. ಗದರಿಸಿ ಕೇಳಿದಾಗ ಬಾಯಿಬಿಟ್ಟ: ನಾವು ಕೊಡುವ ಸೂಜಿ ತೀರಾ ಸಣ್ಣ, ಕಟ್ಟಿಕೊಳ್ಳುತ್ತದೆ, ಅದಕ್ಕೇ ತನ್ನ ಹಳೆಯದನ್ನೇ ಬಳಸುತ್ತಿದ್ದಾನೆ, ನನಗೆ ಬೇಜಾರಾಗಬಾರದೆಂದು ಇದನ್ನು ವಾಪಸು ಕೊಡುತ್ತಿದ್ದಾನೆ. ಡಾಕ್ಟರಮ್ಮ ಮೇಲಿನವರಿಗೆ ಬರೆದು ಬೇರೆ ಅಳತೆಯ ಸೂಜಿ ತರಿಸಿದರು. “ನಿಮ್ಮ ಸಂದೇಹ ನಲ್ಲದು, ಒಳ್ಳೇದು ನಂಜಪ್ಪ,” ಎಂದು ಎಲ್ಲರೆದುರು ಹೇಳಿದರು. ಒಂದು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ಯಾರು ಬಾಯಿ ತೆರೆದರೂ ಸುಳ್ಳೇ ಬರುತ್ತದೆ ಎಂದು ಗಟ್ಟಿಮಾಡಿಕೊಂಡದ್ದು ಆಗಲೇ.

ಆರೇಳು ತಿಂಗಳ ನಂತರ ಮಾದೇವನ ರಕ್ತವನ್ನು ಮತ್ತೆ ನೋಡಿದೆ. ಹೆಪಟೈಟಿಸ್ ಸಿ ಪರೀಕ್ಷೆಯ ಪಟ್ಟಿಯ ಮೇಲೆ ಮೊದಲು ಒಂದು ಗೆರೆ ಬಂತು. ಕಾಯುತ್ತ ಕೂತೆ. ಎರಡನೆಯ ಗೆರೆ ತೆಳ್ಳಗೆ ಮೂಡಿತು, ಆಮೇಲೆ ಗಟ್ಟಿಯಾಯಿತು. ಇನ್ನೊಂದು ಪಟ್ಟಿಯಲ್ಲಿ ಮಾಡಿದೆ. ಅದರಲ್ಲೂ ಎರಡು ಗೆರೆ, ಅಂದರೆ ಸೋಂಕು. ನನಗೆ ಬಂದದ್ದು ದುಃಖ, ಆದರೆ ಹೊರಬಂದದ್ದು ಸಿಟ್ಟು.

“ಯಾರ ಸೂಜಿ ತಗೊಂಡೆ?” ಎಂದೆ.

“ಯಾರ್ದೂ ತಕಂಡಿಲ್ಲ ಸಾ. ನಂದು ನಂಗ, ಅವರ್ದು ಅವರ್ಗ.”

“ಸೂಜಿ ಹಂಚಿಕೊಳ್ಳದೆ ಇದು ಆಕಾಶದಿಂದ ಉದುರಿತಾ? ಸುಳ್ಳು ಹೇಳಬೇಡ.”

ಮಾದೇವ ಮುಖ ಕೆಳಗೆ ಹಾಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂದು ನಾನು ಅರ್ಥಮಾಡಿಕೊಂಡೆ. ಅವನು ಹೆಂಡತಿ ಮಗುವನ್ನು ನೆನೆದು ತಲೆ ತಗ್ಗಿಸಿದ್ದ ಎಂಬುದು ನನಗೆ ಹೊಳೆಯಲಿಲ್ಲ.

ಮಾರನೆಯ ದಿನ ಮಂಡಿಗೆ ಹೋದಾಗ ಕೆಂಚ ಎದುರು ಬಂದು ನಿಂತ. ಸುತ್ತ ಹತ್ತು ಹನ್ನೆರಡು ಜನ ಇದ್ದರು. “ನಂಜಪ್ಪಣ್ಣ, ಸೆಟ್ಟಿಗ ದೊಡ್ಡೋನು ನಾನು. ಬೀರೇಸ್ವರನಾಣೆ, ನಮ್ಮೊಳಗ ಒಬ್ಬನ ಸೂಜಿ ಇನ್ನೊಬ್ಬ ಮುಟ್ಟಿಲ್ಲ. ನನ್ನ ಮಾತ ನಂಬಿ,” ಎಂದ.

ಆಗ ನಾನು ಹೇಳಿದ ಮಾತನ್ನು ಬರೆಯಲು ಈಗ ಕೈ ಹಿಂದೇಟು ಹಾಕುತ್ತದೆ. ಆದರೂ ಬರೆಯುತ್ತೇನೆ. “ಚುಚ್ಚಿಕೊಳ್ಳುವವನ ಆಣೆಗೆ ಏನು ಬೆಲೆ ಕೆಂಚ? ರಕ್ತ ಸುಳ್ಳು ಹೇಳುವುದಿಲ್ಲ, ನೀನು ಹೇಳುತ್ತೀಯ,” ಎಂದೆ. ಜನ ನಕ್ಕರು. ಕೆಂಚ ನಾನು ಕೊಟ್ಟಿದ್ದ ಹೊಸ ಸೂಜಿಗಳ ಪೊಟ್ಟಣವನ್ನು ಮೂಟೆಯ ಮೇಲೆ ಇಟ್ಟು, ವಾಲಿದ ಕುತ್ತಿಗೆಯನ್ನು ಇನ್ನಷ್ಟು ವಾಲಿಸಿಕೊಂಡು ಹೊರಟುಹೋದ. ಆ ವಾರ ನಾಲ್ವರಲ್ಲಿ ಯಾರೂ ಬರಲಿಲ್ಲ. ಮುಂದಿನ ವಾರವೂ ಇಲ್ಲ.

ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದೆ: ಸುಳ್ಳು ಹೇಳಿದರು, ಸಿಕ್ಕಿಬಿದ್ದರು, ಬಿಟ್ಟುಹೋದರು. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

“ಒಂದು ನಿಮಿಷ, ಆ ಮನುಷ್ಯ ಹೇಳಿದ್ದು ನಿಜ ಅಂತಲೇ ಇಟ್ಕೊಳ್ಳಿ. ಆಗ ನೀವು ಮುಂದೆ ಏನು ಕೇಳ್ತಿದ್ರಿ?”

ನಾನು ವರದಿಯ ಹಾಳೆಯ ಅಂಚು ಮಡಿಸುತ್ತಿದ್ದೆ.

“ಸುಳ್ಳು ಅಂದುಬಿಟ್ರೆ ಕೇಳೋದಕ್ಕೆ ಇನ್ನೇನೂ ಉಳಿಯಲ್ಲ, ಸರಿ ತಾನೇ? ನಿಜ ಅಂದ್ಕೊಂಡ್ರೆ ತಾನೇ ಮುಂದಿನ ಪ್ರಶ್ನೆ?” ಎಂದರು. ಆಮೇಲೆ ಮತ್ತೆ ಪೆನ್ನು ಎತ್ತಿಕೊಂಡರು.

ಮನೆಗೆ ಹೋಗಿ ಊಟ ಸೇರಲಿಲ್ಲ. ನನ್ನ ಹೆಂಡತಿ ಕಾರಣ ಕೇಳಿದಳು, ಹೇಳಿದೆ. “ಕಾಮಾಲ ಕಣ್ಣಿಗ ಕಂಡದ್ದೆಲ್ಲ ಅರಿಸಿನ. ನಿಮ್ದು ಒಸ್ದಾ?” ಎಂದು ತಟ್ಟೆ ಎತ್ತಿದಳು. ಈಲಿ ರೋಗದ ಕೆಲಸ ಮಾಡುವವನಿಗೆ ಆ ಗಾದೆಯನ್ನು ಹೆಂಡತಿಯ ಬಾಯಲ್ಲಿ ಕೇಳಬೇಕಾಯಿತು.

ಮರುದಿನ ಮಧ್ಯಾಹ್ನ ಮಾದೇವನನ್ನು ಹುಡುಕಿಕೊಂಡು ಹೋದೆ. ಮಂಡಿಯ ಹಿಂದೆ ಅರಿಶಿನ ಬೇಯಿಸುವ ಹಳೆಯ ಕೊಟ್ಟಿಗೆಯೊಂದಿದೆ. ಅವರು ಕೂರುವುದು ಅಲ್ಲೇ ಎಂದು ಕೇಳಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಮಾದೇವನೂ ಅಣ್ಣತಮ್ಮಂದಿರೂ ಇದ್ದರು. ಕೆಂಚ ಇರಲಿಲ್ಲ.

“ಕತ್ತ ತಂದ್ರಾ ಸಾ?” ಎಂದ ಮಾದೇವ. ನಗು ಇರಲಿಲ್ಲ.

“ಮಾದೇವ, ನೀವು ಸೂಜಿ ಹಂಚಿಕೊಂಡಿಲ್ಲ. ನಾನು ನಂಬಿದೆ. ಈಗ ನೀವು ಏನೇನು ಹೇಗೆ ಮಾಡ್ತೀರಿ, ಮೊದಲಿಂದ ಹೇಳು,” ಎಂದೆ. ಈ ಮಾತು ಹೇಳುವಾಗ ನನಗೆ ಪೂರ್ತಿ ನಂಬಿಕೆ ಇತ್ತು ಎಂದರೆ ಸುಳ್ಳಾಗುತ್ತದೆ. ಅರ್ಧ ಇತ್ತು.

ಮಾದೇವ ಕೂತಲ್ಲಿಂದ ಎದ್ದ. ಆಮೇಲೆ ಸೂರಿನ ಬಿದಿರಿನ ಕಡೆ ಕೈ ತೋರಿಸಿದ. ಅಲ್ಲಿ ನಾಲ್ಕು ಸಿರಿಂಜುಗಳನ್ನು ದೂರ ದೂರ ಸಿಕ್ಕಿಸಿದ್ದರು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ಮೂಟೆ ಬಾಯಿ ಹೊಲಿಯುವ ಪ್ಲಾಸ್ಟಿಕ್ ದಾರವನ್ನು ಕತ್ತರಿಸಿ ಕಟ್ಟಿದ್ದರು. ಹಸಿರು ಮಾದೇವನದು, ಬಿಳಿ ಮತ್ತು ಹಳದಿ ಅಣ್ಣತಮ್ಮಂದಿರದು, ನೀಲಿ ಕೆಂಚನದು.

“ನೀವು ವಾರಕ ಒಂದಪ ಬತ್ತೀರಿ. ಅಲ್ಲಿಗಂಟ ಒಂದೇ ಸೂಜಿ ಎರಡ್ಮೂರು ದಿನ ಬರಬೇಕು. ಬದ್ಲಾಗ್ಬಾರ್ದು ಅಂತ ಕೆಂಚಣ್ಣನೇ ದಾರ ಕಟ್ದ. ಹಸ್ರು ಮುಟ್ಟಿದ್ರ ಕೈ ಕಡೀತೀನಿ ಅಂತ ಇವನ್ಗ ಒಂದಪ ಒಡ್ದವ್ನ,” ಎಂದು ಅಣ್ಣತಮ್ಮಂದಿರಲ್ಲಿ ಕಿರಿಯನನ್ನು ತೋರಿಸಿದ.

ನಾನು ಸುಳ್ಳುಗಾರ ಎಂದಿದ್ದ ಕೆಂಚ ನಾನು ಹೇಳಿದ್ದನ್ನು ದಾರ ಕಟ್ಟಿ ಪಾಲಿಸಿದ್ದ.

“ಮಾತ್ರೆ ಯಾರು ಕರಗಿಸ್ತಾರೆ?”

ಮಾದೇವ ಮೂಲೆಯಿಂದ ಊಟದ ಡಬ್ಬಿಯ ತಗಡಿನ ಮುಚ್ಚಳವೊಂದನ್ನು ತಂದ. “ದುಡ್ಡು ನಾಕು ಜನ್ದೂ ಸೇರಿಸಿ ತತ್ತೀವಿ. ಅದುಕ್ಕ ಎಲ್ಲಾನೂ ಇದ್ರಲ್ಲೇ ಒಟ್ಗ ಕಲಸಾದು. ಅವರವರ ಸೂಜೀಲಿ ಅವರವರ ಪಾಲ ಎಳ್ಕತೀವಿ. ಪಾಲು ಮಾಡಾನು ಕೆಂಚಣ್ಣ. ಅವ್ನು ಕೊನಗ.”

ಹಿರಿಯ ನರ್ಸಮ್ಮ ಚೆಲ್ಲಿದ ಬಟ್ಟಲು ನನ್ನ ಕಣ್ಣಮುಂದೆ ಬಂತು. ನಿನ್ನೆ ಚುಚ್ಚಿಕೊಂಡ ಸೂಜಿಯನ್ನು ಇಂದು ಮುಚ್ಚಳದಲ್ಲಿ ಅದ್ದಿದರೆ ಸಾಕು, ಕಣ್ಣಿಗೆ ಕಾಣದಷ್ಟು ರಕ್ತ ಆ ನೀರಿಗೆ ಬರುತ್ತದೆ. ಇನ್ನೊಬ್ಬನು ಅದರಿಂದಲೇ ಎಳೆದುಕೊಳ್ಳುತ್ತಾನೆ. ಬೇರೆ ಬೇರೆ ದಾರ, ಒಂದೇ ಮುಚ್ಚಳ. ಮೊದಲು ಇವರಲ್ಲಿ ಯಾರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದ ಮೇಲೆ ಮೂವರ ಸೂಜಿ ಅದ್ದಿದ ನೀರಿನ ತಳ ಪ್ರತಿ ಸಲವೂ ಕೆಂಚನದು. ಯಾರಿಗೂ ಮೋಸವಾಗಬಾರದೆಂದು ಅವನು ಕೊನೆಗೆ ತೆಗೆದುಕೊಂಡ.

“ಮುಚ್ಚಳ ಹಂಚಿಕೊಳ್ಳಬಾರದು ಮಾದೇವ,” ಎಂದೆ.

“ಸೂಜಿ ಅಂದ್ರಿ ಸಾ. ಮೂರಪ ಅಂದ್ರಿ. ಮುಚ್ಳ ಅಂತ ಒಂದಪಾನೂ ಏಳ್ನಿಲ್ಲ,” ಎಂದ ಅವನು. ದೂರುವ ಧ್ವನಿಯೂ ಅದರಲ್ಲಿ ಇರಲಿಲ್ಲ. ಹಾಗಾಗಿ ಇನ್ನೂ ಕಷ್ಟವಾಯಿತು.

“ತಪ್ಪು ನನ್ನದು,” ಎಂದೆ. ಸರ್ಕಾರಿ ಕೆಲಸದಲ್ಲಿ ಆ ಮಾತನ್ನು ನಾನು ಆಡಿದ್ದು ಅದೊಂದೇ ಸಲ. “ಕೆಂಚ ಎಲ್ಲಿ?”

“ಒಂಟೋದ. ಕೊಳ್ಳೇಗಾಲದ ಕಡ ಲಾರಿ ಅತ್ಕಂಡು ಓದ. ನೀವು ಅಂದ ಮಾತು ಮಂಡೀಲೆಲ್ಲ ಆಡ್ಕಂಡ್ರಲ್ಲ, ಇರಕ್ಕಾಗ್ನಿಲ್ಲ ಅವನ್ಗ.”

ಮುಂದಿನದನ್ನು ಬೇಗ ಹೇಳುತ್ತೇನೆ. ಅಣ್ಣತಮ್ಮಂದಿರ ರಕ್ತ ನೋಡಿದೆ. ತಮ್ಮನಿಗೆ ಸೋಂಕಿತ್ತು, ಅಣ್ಣನಿಗೆ ಇರಲಿಲ್ಲ. ಹೆಪಟೈಟಿಸ್ ಸಿಗೆ ಈಗ ಒಳ್ಳೆಯ ಮಾತ್ರೆ ಇದೆ, ಮೂರು ತಿಂಗಳು ತಪ್ಪದೆ ನುಂಗಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಮಾದೇವನ ಮನೆಗೆ ಹೋಗಿ ಅವನ ಹೆಂಡತಿಗೆ ನಾನೇ ಕೂತು ಹೇಳಿದೆ. ಅವಳು ಕಂಕುಳ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, “ಮಾತ್ರ ಗಡಿಯಾರ ನೋಡಿ ನಾನ್ ಕೊಡ್ತೀನಿ. ನೀವು ಮನಗ ಬಂದು ಬಯ್ಬ್ಯಾಡಿ, ಅಷ್ಟ ಮಾಡಿ,” ಎಂದಳು. ಅವಳ ರಕ್ತವೂ ಕೂಸಿನ ರಕ್ತವೂ ಶುದ್ಧವಾಗಿತ್ತು. ಆಮೇಲೆ ಸೂಜಿಯ ಜೊತೆಗೆ ಒಬ್ಬೊಬ್ಬರಿಗೂ ಬೇರೆ ಮುಚ್ಚಳ, ಬೇರೆ ನೀರು ಕೊಡಲು ಶುರುಮಾಡಿದೆವು, ವಾರಕ್ಕೆ ಒಂದು ಸಲದ ಬದಲು ಮೂರು ಸಲ ಹೋದೆವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ನೀವು ಅನ್ನಬಹುದು, ಆದರೆ ಊರಿನಲ್ಲಿ ಇನ್ನೂ ಮನೆಗಳಿದ್ದವು.

ಮಾತ್ರೆ ಮುಗಿದು ಮತ್ತೆ ಮೂರು ತಿಂಗಳಿಗೆ ಮಾದೇವನ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದೆವು. ವೈರಸ್ ಇರಲಿಲ್ಲ. ತಮ್ಮನದೂ ಹೋಗಿತ್ತು. ಆದರೆ ನಮ್ಮ ಪಟ್ಟಿ ಪರೀಕ್ಷೆಯಲ್ಲಿ ಆ ಎರಡನೆಯ ಗೆರೆ ಜೀವಮಾನವೆಲ್ಲ ಬರುತ್ತಲೇ ಇರುತ್ತದೆ, ಗುಣವಾದವನನ್ನೂ ಅದು ರೋಗಿ ಅನ್ನುತ್ತದೆ. ಇದನ್ನು ಕೇಳಿದ ಮಾದೇವ, “ರಕ್ತ ಸುಳ್ಳ ಏಳಲ್ಲ ಅಂದ್ರಲ್ಲ ಸಾ?” ಎಂದು ಮೆಲ್ಲಗೆ ಕೇಳಿದ. ಗುಣವಾದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರು, ಯಾವ ಆಸ್ಪತ್ರೆಗೆ ಹೋದರೂ ತೋರಿಸು ಎಂದೆ.

ಕೆಂಚನನ್ನು ಹುಡುಕಿಕೊಂಡು ಕೊಳ್ಳೇಗಾಲದ ಕಡೆ ಮೂರು ಸಲ ಹೋದೆ. ಮಂಡಿಗಳಲ್ಲಿ ಕೇಳಿದೆ. ಕೇಳಿದ ಕಡೆಯೆಲ್ಲ ನನ್ನನ್ನು ಪೊಲೀಸಿನವನು ಎಂದುಕೊಂಡು, ಅಂಥವನು ಇಲ್ಲಿಲ್ಲ ಎಂದರು. ಅವರು ನನ್ನನ್ನು ನಂಬದಿದ್ದುದರಲ್ಲಿ ತಪ್ಪೇನಿದೆ? ಮಾದೇವ ಒಬ್ಬ ಲಾರಿ ಡ್ರೈವರನ ಕೈಲಿ ಹೇಳಿಕಳಿಸಿದ: ಮುಚ್ಚಳದಿಂದ ಬಂದದ್ದು, ನಿನ್ನ ಮಾತು ನಿಜವಾಗಿತ್ತು, ಬಂದು ರಕ್ತ ಕೊಡು, ಮಾತ್ರೆ ಇದೆ. ತಿಂಗಳಾದ ಮೇಲೆ ಅದೇ ಡ್ರೈವರ್ ಉತ್ತರ ತಂದ.

“ನನ್ನ ಮಾತ ನಂಬ್ದೆ ಇದ್ದೋನು ನನ್ನ ರಕ್ತವ ಯಾಕ ನಂಬಾನು ಅಂದ ಕಣಣ್ಣ,” ಎಂದ. ಅದಕ್ಕಿಂತ ಹೆಚ್ಚು ಕೆಂಚ ಏನೂ ಹೇಳಿರಲಿಲ್ಲ, ಯಾವ ಊರಿನಲ್ಲಿದ್ದಾನೆ ಎಂದೂ ತಿಳಿಸಿರಲಿಲ್ಲ.

ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು. ಅದೆಲ್ಲ ಎಲ್ಲರಿಗೂ ಆಗುವಂಥದ್ದು. ಕೊಟ್ಟಿಗೆಯ ಸೂರಿನಲ್ಲಿದ್ದ ಕೆಂಚನ ಸಿರಿಂಜನ್ನು ಮಾದೇವ ಮುಚ್ಚಳ ತೋರಿಸಿದ ದಿನವೇ ನಾಶಮಾಡುವ ಡಬ್ಬಿಗೆ ಹಾಕಿದ್ದೆ. ದಾರವನ್ನು ಬಿಚ್ಚಿ ಇಟ್ಟುಕೊಂಡಿದ್ದೆ, ಅದು ಈಗಲೂ ನನ್ನ ಕನ್ನಡಕದ ಪೆಟ್ಟಿಗೆಯಲ್ಲಿದೆ. ಅವನ ಈಲಿಯಲ್ಲಿ ಆ ವೈರಸ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅದು ಸದ್ದು ಮಾಡದೆ ತಿನ್ನುತ್ತಿರುತ್ತದೆ, ಹೊಟ್ಟೆ ಊದುವ ತನಕ ಅವನಿಗೂ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಬರೆದದ್ದು ನಿಮಗೆ ಬುದ್ಧಿ ಹೇಳಲು ಅಂತ ನಂಬಬೇಡಿ. ನನ್ನ ಸ್ವಾರ್ಥ ಇದೆ. ನೀವು ಯಾವ ಆಸ್ಪತ್ರೆಯಲ್ಲಿ, ಯಾವ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತೀರೋ ತಿಳಿಯದು. ಐವತ್ತು ದಾಟಿದ, ಕುತ್ತಿಗೆ ಒಂದು ಪಕ್ಕಕ್ಕೆ ವಾಲಿದ ಲೋಡ್‌ಮೆನ್ ಒಬ್ಬ ನಿಮ್ಮೆದುರು ಬರಬಹುದು. ಹೆಸರು ಬೇರೆ ಹೇಳಬಹುದು, ಕೇಳಲು ಹೋಗಬೇಡಿ. ಚಹಾ ತರಿಸಿ ಅವನ ಕೈಯಲ್ಲೇ ಹಂಚಿಸಿ. ಎಲ್ಲರಿಗೂ ಕೊಟ್ಟು ಕೊನೆಯ ಲೋಟ ಅವನು ತೆಗೆದುಕೊಂಡರೆ, ಮೊದಲು ಅವನು ಹೇಳಿದ್ದನ್ನೆಲ್ಲ ನಂಬಿ. ಆಮೇಲೆ ರಕ್ತ ತೆಗೆಯಿರಿ.